ಮುಖದ ಕ್ರೀಮಿನಿಂದ ಚೆಂಡು ಹೂವನ್ನು ಕೈಬಿಟ್ಟಿದ್ದೇವೆ

ಪ್ರಿಯ ಗ್ರಾಹಕರಿಗೆ ನಮಸ್ಕಾರ.

ಈ ತಿಂಗಳಿನಿಂದ ನಮ್ಮ ಮಹಿಳಾ ಸಂಘದ ಮುಖದ ಕ್ರೀಮಿನಲ್ಲಾಗಲಿ ಸಾಬೂನಿನಲ್ಲಾಗಲಿ ಚೆಂಡು ಹೂವಿನ ಎಣ್ಣೆ ಇರುವುದಿಲ್ಲ. ಡಬ್ಬಿ ತೆರೆದೊಡನೆ ಕಾಣುತ್ತಿದ್ದ ಹೊಂಬಣ್ಣವೂ ಇರುವುದಿಲ್ಲ. ಕ್ರೀಮು ಬೆಣ್ಣೆಯಂತೆ ಬೆಳ್ಳಗಿರುತ್ತದೆ. ಆ ಬಣ್ಣವನ್ನು ಮೆಚ್ಚಿ ಕೊಳ್ಳುತ್ತಿದ್ದವರು ಬಹಳ ಮಂದಿ ಇದ್ದೀರಿ. ಕಾರಣವನ್ನು ಬಿಡಿಸಿ ಹೇಳಲೇಬೇಕು.

ಕಳೆದ ಬೇಸಿಗೆಯಲ್ಲಿ ಮಲ್ಲೇಶ್ವರದ ನಮ್ಮ ಅಂಗಡಿಗೆ, ಸ್ಕೂಟರಿನಲ್ಲಿ ಮನೆಮನೆಗೆ ಪಾರ್ಸೆಲ್ ತಲುಪಿಸುವ ಹೆಣ್ಣುಮಗಳೊಬ್ಬರು ಬಂದರು. ದುಪಟ್ಟಾ ಸರಿಸಿ ಕತ್ತು ತೋರಿಸಿದರು. ಬಿಸಿಲು ಬಿದ್ದಷ್ಟು ಜಾಗ ಕೆಂಪಗೆ ಉರಿಯುತ್ತಿತ್ತು. ಅದೇ ಕ್ರೀಮು ಹಚ್ಚಿದ್ದರೂ ಬಟ್ಟೆಯ ಮರೆಯಲ್ಲಿದ್ದ ಚರ್ಮಕ್ಕೆ ಏನೂ ಆಗಿರಲಿಲ್ಲ. ನಡುವಿನ ಗೆರೆ ಅಳತೆಪಟ್ಟಿ ಇಟ್ಟು ಎಳೆದಂತಿತ್ತು. "ಹೂವಿನದಲ್ಲವೇ ಎಂದು ಧೈರ್ಯವಾಗಿ ಹಚ್ಚಿಕೊಂಡೆ ಅಕ್ಕಾ" ಎಂದರು. ಚರ್ಮವೈದ್ಯರ ಬಳಿ ಕರೆದುಕೊಂಡು ಹೋದೆವು. ಇದೇ ಕಾರಣವೆಂದು ಅವರು ಖಂಡಿತವಾಗಿ ಹೇಳಲಿಲ್ಲ. ಆದರೆ ಲೇಬಲ್ ಓದುತ್ತಾ ಚೆಂಡು ಹೂವಿನ ಹೆಸರಿನ ಮೇಲೆ ಬೆರಳಿಟ್ಟರು.

ಆಮೇಲೆ ಕುಳಿತು ಓದಿದೆವು. ಚೆಂಡು ಹೂವಿನ ಗಿಡದಲ್ಲಿ ಆಲ್ಫಾ ಟರ್ಥಯಿನೈಲ್ ಎಂಬ ವಸ್ತುವಿದೆ. ಮಣ್ಣಿನಲ್ಲಿ ಬೇರು ತಿನ್ನುವ ಜಂತುಹುಳುಗಳನ್ನು ಅದು ಕೊಲ್ಲುತ್ತದೆ. ತರಕಾರಿ ಸಾಲುಗಳ ನಡುವೆ ರೈತರು ಈ ಗಿಡ ಹಾಕುವುದಕ್ಕೆ ಅದೂ ಒಂದು ಕಾರಣ. ಹೊಲಕ್ಕೆ ಉಪಕಾರಿಯಾದ ಅದೇ ವಸ್ತು ಚರ್ಮದ ಮೇಲಿದ್ದು, ಸೂರ್ಯನ ನೇರಳಾತೀತ ಕಿರಣ ತಾಕಿದರೆ ಚರ್ಮ ಸುಡುತ್ತದೆ. ನಮ್ಮ ಮಾರುಕಟ್ಟೆಯ ದೊಡ್ಡ ಚೆಂಡು ಹೂವು, ಅಂದರೆ ಟ್ಯಾಜಿಟಿಸ್ ಇರೆಕ್ಟಾ, ಇದರ ಸಾರ ಮತ್ತು ಎಣ್ಣೆಯನ್ನು ಸೌಂದರ್ಯವರ್ಧಕಗಳಲ್ಲಿ ಬಳಸಬಾರದೆಂದು ಐರೋಪ್ಯ ಒಕ್ಕೂಟ 2018ರಲ್ಲೇ ನಿಯಮ ಮಾಡಿದೆ.

ನಾವು ಎಡವಿದ್ದು ಹೆಸರಿನಲ್ಲಿ. ಇಂಗ್ಲಿಷಿನಲ್ಲಿ ಚೆಂಡು ಹೂವಿಗೂ ಕ್ಯಾಲೆಂಡುಲಾ ಎಂಬ ಇನ್ನೊಂದು ಹೂವಿಗೂ ಮಾರಿಗೋಲ್ಡ್ ಎಂದೇ ಹೆಸರು. ಚರ್ಮಕ್ಕೆ ಹಿತವೆಂದು ಹೆಸರಾದದ್ದು ಕ್ಯಾಲೆಂಡುಲಾ; ಅದು ಬೇರೆಯೇ ಗಿಡ. ನಾವು ಆಯುಧಪೂಜೆಯ ಮರುದಿನ ಕೆ.ಆರ್. ಮಾರುಕಟ್ಟೆಯಲ್ಲಿ ಮಾರಾಟವಾಗದೆ ಉಳಿದ ಚೆಂಡು ಹೂವನ್ನು ಮೂಟೆಗಟ್ಟಲೆ ತಂದು, ದಳ ಬಿಡಿಸಿ, ನೆರಳಿನಲ್ಲಿ ಒಣಗಿಸಿ ಕೊಬ್ಬರಿ ಎಣ್ಣೆಯಲ್ಲಿ ನೆನೆಹಾಕುತ್ತಿದ್ದೆವು. ಬೀದಿಪಾಲಾಗುವ ಹೂವು ಕೆಲಸಕ್ಕೆ ಬಂತೆಂಬ ಸಂತೋಷದಲ್ಲಿ, ಇದು ಆ ಹೂವು ಹೌದೇ ಎಂದು ಕೇಳಿಕೊಳ್ಳಲಿಲ್ಲ. ತಪ್ಪು ನಮ್ಮದು. ಇದಕ್ಕಾಗಿ ನಿಮ್ಮೆಲ್ಲರ ಕ್ಷಮೆ ಕೇಳುತ್ತೇವೆ.

ಕ್ಯಾಲೆಂಡುಲಾವನ್ನೇ ತರಿಸಬಹುದಲ್ಲವೇ ಎಂದು ಸದಸ್ಯೆಯರಲ್ಲೇ ಕೆಲವರು ಕೇಳಿದರು. ಅದೂ ಸೇವಂತಿಗೆಯ ಕುಟುಂಬದ್ದು. ಆ ಕುಟುಂಬದ ಹೂಗಳು ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ಸದ್ಯಕ್ಕೆ ಬೇಡವೆಂದು ತೀರ್ಮಾನಿಸಿದೆವು.

ಹೊಸ ಕ್ರೀಮಿನಲ್ಲಿ ಇರುವುದು ಗುಲಾಬಿ ನೀರು. ಔಷಧಿ ಹೊಡೆಯದೆ ಬೆಳೆಯುವ ಒಬ್ಬ ರೈತರಿಂದ, ಬಿಸಿಲೇರುವ ಮುನ್ನ ಬಿಡಿಸಿದ ಹೂವನ್ನು ತಂದು ಅಂದೇ ಹಬೆಯಲ್ಲಿ ಬಟ್ಟಿ ಇಳಿಸುತ್ತೇವೆ. ಗುಲಾಬಿಯ ಘಮದ ಒಂದು ಪಾಲು ನೀರಿನಲ್ಲಿ ಕರಗುವಂಥದ್ದು, ಹಾಗಾಗಿ ನೀರಿಗೇ ಪರಿಮಳ ಬರುತ್ತದೆ. ಪರಿಮಳ ತೆಳುವಾಗಿರುತ್ತದೆ; ಬೇರೆ ಸುಗಂಧವನ್ನು ನಾವು ಬೆರೆಸುವುದಿಲ್ಲ. ಮಲ್ಲಿಗೆಯದನ್ನು ಕೇಳುವವರಿಗೆ ಒಂದು ಮಾತು: ಹಬೆಯ ಶಾಖಕ್ಕೆ ಮಲ್ಲಿಗೆಯ ಘಮ ಕೆಡುತ್ತದೆ. ಅದನ್ನು ತೆಗೆಯಲು ಹೆಕ್ಸೇನ್‌ನಂತಹ ರಾಸಾಯನಿಕ ದ್ರಾವಕವನ್ನು ಸಾಮಾನ್ಯವಾಗಿ ಬಳಸುತ್ತಾರೆ. ಅದು ನಮ್ಮ ಶೆಡ್ಡಿನಲ್ಲಿ ಮಾಡುವ ಕೆಲಸವಲ್ಲ.

ನೀರಿರುವ ಕ್ರೀಮಿಗೆ ಸಂರಕ್ಷಕ ಹಾಕದಿದ್ದರೆ ಬೂಷ್ಟು ಹಿಡಿಯುತ್ತದೆ. ಹಾಕಿದ್ದೇವೆ, ಹೆಸರನ್ನು ಲೇಬಲ್ಲಿನಲ್ಲಿ ಬರೆದಿದ್ದೇವೆ. ಮೊದಲ ಸಲ ಬಳಸುವವರು ಮೊಣಕೈಯ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಎರಡು ದಿನ ನೋಡಿ. ಗುಲಾಬಿಯೂ ಎಲ್ಲರಿಗೂ ಒಗ್ಗಬೇಕೆಂದಿಲ್ಲ.

ಬೆಲೆಯಲ್ಲಿ ಬದಲಾವಣೆ ಇಲ್ಲ. ಹಳೆಯ ಹೊಂಬಣ್ಣದ ಡಬ್ಬಿ ಮನೆಯಲ್ಲಿದ್ದರೆ ದಯವಿಟ್ಟು ಬಳಸಬೇಡಿ. ಅರ್ಧ ಖಾಲಿಯಾಗಿದ್ದರೂ, ರಸೀದಿ ಇಲ್ಲದಿದ್ದರೂ ಅಂಗಡಿಗೆ ತನ್ನಿ. ಪೂರ್ತಿ ಹಣ ವಾಪಸು ಕೊಡುತ್ತೇವೆ. ಸಾಬೂನಿಗೂ ಇದೇ ಮಾತು. ಹಚ್ಚಿಕೊಂಡು ಉರಿ, ಕೆಂಪು ಕಾಣಿಸಿಕೊಂಡವರಿದ್ದರೆ ಅದನ್ನೂ ತಿಳಿಸಿ, ವೈದ್ಯರ ಖರ್ಚನ್ನು ಸಂಘವೇ ಭರಿಸುತ್ತದೆ.

ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ ಮತ್ತು ಸಂಘದ ಎಲ್ಲ ಸದಸ್ಯೆಯರು
ಬೆಂಗಳೂರು