ಸಿಂಗಪುರದ ಸರ್ಕಾರಿ ಮನೆಗಳ ಬಗ್ಗೆ ದೊಡ್ಡಪ್ಪನಿಗೆ

ಸಿಂಗಪುರ

ಪೂಜ್ಯ ದೊಡ್ಡಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ. ದೊಡ್ಡಮ್ಮನ ಮಂಡಿನೋವು ಈಗ ಹೇಗಿದೆ? "ಅಂಗೈಯಗಲದ ಊರಲ್ಲಿ ಕೊಳೆಗೇರಿಯೇ ಇಲ್ಲವಂತಲ್ಲ, ಹೇಗೆ ಮಾಡಿದರು, ಬಿಡಿಸಿ ಬರೆ" ಅಂದಿದ್ದಿರಿ. ಫೋನಿನಲ್ಲಿ ಮುಗಿಯುವ ಮಾತಲ್ಲ, ಅದಕ್ಕೇ ಈ ಪತ್ರ.

ಎಲ್ಲರ ಕಣ್ಣಿಗೆ ಬೀಳುವುದು ಕಟ್ಟಡ. ನಿಜವಾಗಿ ಕಟ್ಟಡ ಕೊನೆಯ ಕೆಲಸ. ಮೊದಲು ಜಮೀನು, ಆಮೇಲೆ ದುಡ್ಡು.

ಬ್ರಿಟಿಷರ ಕಾಲದಲ್ಲೂ ಇಲ್ಲೊಂದು ಇಂಪ್ರೂವ್‌ಮೆಂಟ್ ಟ್ರಸ್ಟ್, ಅಂದರೆ ಊರು ಸುಧಾರಿಸುವ ಮಂಡಳಿ, ಇತ್ತು, 1927ರದು. ಬೆಂಗಳೂರಿನಲ್ಲಿ 1945ರಲ್ಲಿ ಆದ ಸಿಐಟಿಬಿ (ಈಗಿನ ಬಿಡಿಎಯ ಹಿಂದಿನ ರೂಪ) ನಿಮಗೆ ಗೊತ್ತಲ್ಲ, ಅದೇ ಅಚ್ಚಿನದು. ಮೂವತ್ತು ವರ್ಷ ದಾಟಿದರೂ ಅದು ಕಟ್ಟಿದ್ದು ಸುಮಾರು 23,000 ಮನೆ. ಊರು ತುಂಬುತ್ತಲೇ ಹೋಯಿತು. ಜನ ಇದ್ದದ್ದು ಚೈನಾಟೌನಿನ ಅಂಗಡಿ-ಮನೆಗಳ ಗೂಡಿನಂಥ ಕೋಣೆಗಳಲ್ಲಿ, ಇಲ್ಲವೇ ಅಂಚಿನ ಕಂಪೋಂಗ್ ಎಂಬ ಹಳ್ಳಿಗಳಲ್ಲಿ, ಮರದ ಗೋಡೆ, ಗರಿ ಹೊದಿಸಿದ ಸೂರು. 1959ರಲ್ಲಿ ಬ್ರಿಟಿಷರಿಂದ ಒಳಾಡಳಿತದ ಅಧಿಕಾರ ಸಿಕ್ಕಿತು. 1960ರ ಫೆಬ್ರವರಿ 1ರಂದು ಎಚ್‌ಡಿಬಿ ಎಂಬ ವಸತಿ ಮಂಡಳಿ ಶುರುವಾಯಿತು, ಲಿಮ್ ಕಿಮ್ ಸಾನ್ ಮೊದಲ ಅಧ್ಯಕ್ಷ. ಮರುವರ್ಷ ಮೇ 25ಕ್ಕೆ ಬುಕಿಟ್ ಹೋ ಸ್ವೀ ಎಂಬಲ್ಲಿ ಬೆಂಕಿ ಬಿದ್ದು ಸುಮಾರು 16,000 ಜನ ಬೀದಿಗೆ ಬಂದರು. ಸುಟ್ಟ ಜಾಗವನ್ನೇ ಸರ್ಕಾರ ವಶಕ್ಕೆ ತೆಗೆದುಕೊಂಡು ಅಲ್ಲೇ ಫ್ಲ್ಯಾಟ್ ಎಬ್ಬಿಸಿತು. ಮಂಡಳಿಯ ಮೊದಲ ಐದು ವರ್ಷದಲ್ಲಿ ಊರಲ್ಲೆಲ್ಲ ಒಟ್ಟು 54,000ಕ್ಕೂ ಹೆಚ್ಚು ಮನೆ ಎದ್ದವು.

ಇಷ್ಟಾದ ಮೇಲೆ ಜಮೀನಿನ ಪ್ರಶ್ನೆ ಬಂತು, ಇದನ್ನು ನೀವು ನಿಧಾನವಾಗಿ ಓದಬೇಕು. 1966ರ ಭೂಸ್ವಾಧೀನ ಕಾಯ್ದೆಯ ಪ್ರಕಾರ 'ಸಾರ್ವಜನಿಕ ಉದ್ದೇಶ' ಎಂದು ಸರ್ಕಾರ ಹೇಳಿದರೆ ಮುಗಿಯಿತು, ಆ ಉದ್ದೇಶವನ್ನು ಕೋರ್ಟಿನಲ್ಲಿ ಪ್ರಶ್ನಿಸುವಂತಿರಲಿಲ್ಲ. 1973ರ ತಿದ್ದುಪಡಿ ಇನ್ನೂ ಬಿಗಿ: ಪರಿಹಾರ ಆ ವರ್ಷದ ನವೆಂಬರ್ 30ರ ಬೆಲೆ ಅಥವಾ ಅಧಿಸೂಚನೆಯ ದಿನದ ಬೆಲೆ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಪಕ್ಕದಲ್ಲಿ ಸರ್ಕಾರವೇ ರಸ್ತೆ ಹಾಕಿ ಏರಿಸಿದ ಬೆಲೆ ಮಾಲೀಕನಿಗೆ ಯಾಕೆ ಸಿಗಬೇಕು ಎಂಬುದು ವಾದ. ವಾದದಲ್ಲಿ ಹುರುಳಿದೆ. ಆದರೆ ಈ ಆಧಾರ ದಿನಾಂಕವನ್ನು ಹಲವು ಸಲ ಮುಂದೆ ಸರಿಸಿ, ಪೂರ್ತಿ ಮಾರುಕಟ್ಟೆ ಬೆಲೆ ಕೊಡಲು ಒಪ್ಪಿದ್ದು 2007ರಲ್ಲಿ. ನಮ್ಮ ಕಡೆ ಇಂಥ ಕಾಯ್ದೆ ತಂದಿದ್ದರೆ ವಿಧಾನಸೌಧದ ಮುಂದೆ ಟ್ರ್ಯಾಕ್ಟರ್ ಸಾಲು ನಿಲ್ಲುತ್ತಿತ್ತು. ಇಲ್ಲಿ ಯಾಕೆ ನಿಲ್ಲಲಿಲ್ಲ? 1963ರ ಫೆಬ್ರವರಿಯಲ್ಲಿ ನೂರಕ್ಕೂ ಹೆಚ್ಚು ಎಡಪಂಥೀಯರನ್ನು, ಯೂನಿಯನ್ ಮುಖಂಡರನ್ನು ವಿಚಾರಣೆಯಿಲ್ಲದೆ ಒಳಗೆ ಹಾಕಿದ್ದರು. 1968ರ ಚುನಾವಣೆಯಿಂದ 1981ರವರೆಗೆ ಸಂಸತ್ತಿನಲ್ಲಿ ವಿರೋಧ ಪಕ್ಷದ ಒಬ್ಬ ಸದಸ್ಯನೂ ಇರಲಿಲ್ಲ. ಕೊಳೆಗೇರಿ ಹೋದದ್ದನ್ನು ಹೊಗಳುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇನ್ನು ದುಡ್ಡು. ಮೊದಲು ಬರೀ ಬಾಡಿಗೆ ಮನೆ. 1964ರಲ್ಲಿ ಕ್ವೀನ್ಸ್‌ಟೌನಿನಲ್ಲಿ ಮಾರಾಟಕ್ಕೆ ಇಟ್ಟರು, ಎರಡು ರೂಮಿನದು 4,900 ಡಾಲರ್, ಮೂರರದು 6,200. (ಇಲ್ಲಿ ಹಾಲನ್ನೂ ರೂಮೆಂದೇ ಎಣಿಸುತ್ತಾರೆ. ಮೂರು ರೂಮು ಅಂದರೆ ನಮ್ಮ 2 ಬಿಎಚ್‌ಕೆ.) ಜನ ಮುಗಿಬೀಳಲಿಲ್ಲ, ಶೇ. 20 ಮುಂಗಡಕ್ಕೆ ಕೈಯಲ್ಲಿ ಕಾಸಿರಲಿಲ್ಲ. 1968ರಲ್ಲಿ ಬೀಗ ತೆರೆಯಿತು: ನಮ್ಮ ಪಿಎಫ್‌ನಂಥದ್ದೇ ಆದ ಸಿಪಿಎಫ್ ಹಣವನ್ನು ಮುಂಗಡಕ್ಕೂ ಕಂತಿಗೂ ಬಳಸಬಹುದೆಂದರು. ಸಿಪಿಎಫ್ ಶುರು ಮಾಡಿದ್ದು 1955ರಲ್ಲಿ ಬ್ರಿಟಿಷರು, ನೌಕರನದು ಶೇ. 5, ಮಾಲೀಕನದು ಶೇ. 5. ಈಗ 55 ವರ್ಷದೊಳಗಿನವರಿಗೆ ಶೇ. 20 ಮತ್ತು 17. ಸಂಬಳ ಕೈಗೆ ಬರುವ ಮುಂಚೆಯೇ ಕಂತು ಹೋಗಿರುತ್ತದೆ. ಮನೆ ಸ್ವಂತದ್ದಾದರೆ ಊರೂ ಸ್ವಂತದ್ದು ಅನ್ನಿಸುತ್ತದೆ ಎಂಬುದು ಇಲ್ಲಿನ ಮೊದಲ ಪ್ರಧಾನಿ ಲೀ ಕ್ವಾನ್ ಯೂ ಅವರ ಲೆಕ್ಕ. ವಲಸೆ ಬಂದವರ ಊರಿನಲ್ಲಿ ಅದು ಸುಳ್ಳಾಗಲಿಲ್ಲ.

ಸ್ವಂತದ್ದು ಅಂದೆ, ನಿಜಕ್ಕೂ ಅದು 99 ವರ್ಷದ ಗುತ್ತಿಗೆ. 1970ರ ದಶಕದವಕ್ಕೆ ಸುಮಾರು ಅರ್ಧ ಅವಧಿ ತೀರಿದೆ. ಉಳಿದ ಅವಧಿ, ಕೊಳ್ಳುವವರಲ್ಲಿ ಕಿರಿಯರಿಗೆ 95 ತುಂಬುವವರೆಗೆ ಸಾಲದಿದ್ದರೆ ಬಳಸಬಹುದಾದ ಸಿಪಿಎಫ್ ಹಣಕ್ಕೆ ಕತ್ತರಿ. ಮಾರುವಾಗ ಇನ್ನೊಂದು ಪೆಟ್ಟು: ತೆಗೆದ ಅಸಲನ್ನು ಶೇ. 2.5 ಬಡ್ಡಿ ಸೇರಿಸಿ ತಮ್ಮದೇ ಸಿಪಿಎಫ್ ಖಾತೆಗೆ ತುಂಬಬೇಕು. ಲಾಭವಾಯಿತೆಂದು ಕುಣಿದವರ ಕೈಗೆ ಕೊನೆಗೆ ಬರುವ ನಗದು ಚೂರುಪಾರು.

ಜಾತಿವಾರು ಕೇರಿ ಇಲ್ಲವೇ ಎಂದೂ ಕೇಳಿದ್ದಿರಿ. ಜನಾಂಗವಾರು ಕೇರಿ ಇತ್ತು, 1964ರಲ್ಲಿ ಚೀನೀಯರಿಗೂ ಮಲಯರಿಗೂ ದೊಡ್ಡ ಗಲಭೆಯೂ ಆಯಿತು. ಹೊಸ ಬಡಾವಣೆಗಳಲ್ಲೂ ಆಯಾ ಜನ ಒಂದೊಂದು ಕಡೆ ಗುಂಪಾಗತೊಡಗಿದಾಗ 1989ರಲ್ಲಿ ಮಿತಿ ಹೇರಿದರು. ಒಂದು ಬ್ಲಾಕಿನಲ್ಲಿ ಚೀನೀಯರು ಶೇ. 87, ಮಲಯರು 25, ಭಾರತೀಯರೂ ಇತರರೂ ಸೇರಿ 13, ಈ ಕೊನೆಯದು 2010ರಿಂದ 15. ಕನ್ನಡಿಗ, ತಮಿಳ, ಸಿಖ್ಖ ಎಲ್ಲ ಒಂದೇ ಪಟ್ಟಿ. ಬ್ಲಾಕಿನ ಚೀನೀ ಮಿತಿ ತುಂಬಿದ್ದರೆ ಭಾರತೀಯನು ತನ್ನ ಮನೆಯನ್ನು ಚೀನೀಯನಿಗೆ ಮಾರುವಂತಿಲ್ಲ. ಉಳಿದ ಗಿರಾಕಿಗಳು ಕೆಲವೇ ಮಂದಿ, ಬೆಲೆ ಇಳಿಸದೆ ಗತಿಯಿಲ್ಲ. ಕೂಡಿ ಬಾಳುವ ಖರ್ಚು ಅಲ್ಪಸಂಖ್ಯಾತನ ಜೇಬಿಗೇ ಬೀಳುತ್ತದೆ ಎಂಬ ದೂರು ಹಳೆಯದು. ಆದರೂ ಕಟ್ಟಡದ ಕೆಳಗೆ ಕಂಬಗಳ ನಡುವೆ ಖಾಲಿ ಬಿಟ್ಟ ನೆಲ, ವಾಯ್ಡ್ ಡೆಕ್, ನೋಡಬೇಕು ನೀವು. ಒಂದು ವಾರ ಅಲ್ಲಿ ಮಲಯರ ಮದುವೆಯ ಊಟ, ಇನ್ನೊಂದು ವಾರ ಚೀನೀಯರ ಸಾವಿನ ಶಾಮಿಯಾನ.

ದೊಡ್ಡಮ್ಮನಂಥವರಿಗೆ ಹಳೆಯ ಬ್ಲಾಕು ಕಷ್ಟವಿತ್ತು. ಖರ್ಚು ಉಳಿಸಲು ಲಿಫ್ಟು ಕೆಲವೇ ಮಹಡಿಗಳಲ್ಲಿ ನಿಲ್ಲುತ್ತಿತ್ತು, ಮಿಕ್ಕವರು ಮೆಟ್ಟಿಲು ಹತ್ತಬೇಕು. 2001ರಿಂದ ಸರಿಪಡಿಸುತ್ತ ಬಂದರು. ಅದಕ್ಕೂ ಮುಂಚೆ, 1997ರ ಚುನಾವಣೆಯಲ್ಲಿ, 'ನಮಗೆ ಮತ ಕೊಟ್ಟ ಬಡಾವಣೆಗೆ ದುರಸ್ತಿ ಮೊದಲು' ಎಂದು ಆಳುವ ಪಕ್ಷ ಬಹಿರಂಗವಾಗಿಯೇ ಸಾರಿತ್ತು. ಇದು ನಮಗೇನೂ ಹೊಸದಲ್ಲ ಬಿಡಿ.

ಕಿಟ್ಟಿ ಇಲ್ಲಿಗೆ ಬರುವ ಯೋಚನೆಯಲ್ಲಿದ್ದಾನಲ್ಲ, ಅವನಿಗೆ ಹೇಳಿ: ಕೆಲಸದ ಪಾಸಿನಲ್ಲಿ ಎಚ್‌ಡಿಬಿ ಮನೆ ಕೊಳ್ಳಲಾಗದು. ಬಾಡಿಗೆಗೆ ಸಿಗುತ್ತದೆ, ಕರಾರು ಕನಿಷ್ಠ ಆರು ತಿಂಗಳದ್ದು. ಗಂಡ ಹೆಂಡತಿ ಇಬ್ಬರೂ ಪಿಆರ್, ಅಂದರೆ ಖಾಯಂ ನಿವಾಸಿಗಳು, ಆಗಿ ಮೂರು ವರ್ಷ ಕಳೆದರೆ ಮರುಮಾರಾಟದ ಮನೆ ಕೊಳ್ಳಬಹುದು. ಮುಂಗಡ ಕೊಡುವ ಮೊದಲು ಆ ಬ್ಲಾಕಿನ ಜನಾಂಗವಾರು ಮಿತಿ ತುಂಬಿದೆಯೇ ನೋಡಿಕೊಳ್ಳಲಿ, ಪ್ರತಿ ತಿಂಗಳ ಒಂದನೇ ತಾರೀಖು ಅದು ಬದಲಾಗುತ್ತದೆ. ಮಗುವಿಗೆ ಶಾಲೆಯಲ್ಲಿ ಮಾತೃಭಾಷೆಯಾಗಿ ಕನ್ನಡ ಸಿಗುವುದಿಲ್ಲ, ತಮಿಳು, ಹಿಂದಿಯಂಥ ಬೇರೊಂದನ್ನು ಆರಿಸಬೇಕು. ಅದನ್ನು ಈಗಲೇ ಅವನ ಹೆಂಡತಿಯ ಕಿವಿಗೂ ಹಾಕಿಬಿಡಿ.

ದೊಡ್ಡಮ್ಮನಿಗೆ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಆಶೀರ್ವಾದ ಬೇಡುವ,
ತಮ್ಮನ ಮಗ