ಕೇಕಿನ ಮೇಲಿನ ಬಾವುಟ

ಆರ್ಹುಸ್, ಡೆನ್ಮಾರ್ಕ್
16 ಜೂನ್ 2025

ಅವ್ವ, ಅಪ್ಪ ಇಬ್ಬರಿಗೂ ನಮಸ್ಕಾರ.

ನಾವೆಲ್ಲ ಆರಾಮ ಇದ್ದೇವೆ. ಅಪ್ಪನ ಮೊಣಕಾಲು ನೋವು ಹೇಗಿದೆ? ಹುಬ್ಬಳ್ಳಿಯಲ್ಲಿ ಮಳೆ ಹಿಡಿದಿರಬೇಕು, ಬೆಳಿಗ್ಗೆ ಅಡ್ಡಾಡಲು ಹೋಗುವಾಗ ಹುಷಾರು. ಫೋನಿನಲ್ಲಿ ದಿನಾ ಮಾತಾಡುತ್ತೇವೆ, ನಿಜ. ಆದರೆ ಇದನ್ನು ಬರೆದೇ ಹೇಳಬೇಕು ಅನ್ನಿಸಿತು. ಅವ್ವ, ಜಾಸ್ತಿ ನಿನಗೇ ಬರೆದದ್ದು. ಕನ್ನಡಕ ಹಾಕಿಕೊಂಡು ನಿಧಾನಕ್ಕೆ ಓದು.

ಹೋದ ವಾರ ಪುಟ್ಟಿಗೆ ಐದು ತುಂಬಿತಲ್ಲ. ಇಲ್ಲಿ ಹುಟ್ಟುಹಬ್ಬ ಅಂದರೆ ಬಾವುಟ ಇರಲೇಬೇಕು. ಮಗುವಿನ ತಟ್ಟೆಯ ಪಕ್ಕ ಮರದ ಪುಟ್ಟ ಕಂಬದಲ್ಲಿ ಒಂದು, ಕೇಕಿನ ಮೇಲೆ ಕಾಗದದ್ದು ಹತ್ತಾರು. ಅಂಗಡಿಯಲ್ಲಿ ಮೇಣದಬತ್ತಿಯ ಪಕ್ಕದಲ್ಲೇ ಮಾರುತ್ತಾರೆ. ಕ್ರಿಸ್‌ಮಸ್ ಮರಕ್ಕೂ ಬಾವುಟದ ಮಾಲೆ. ನಾನು ಇಲ್ಲಿಗೆ ಬಂದ ಹೊಸದರಲ್ಲಿ ಏರ್‌ಪೋರ್ಟಿನಲ್ಲಿ ಒಂದು ಗುಂಪು ಬಾವುಟ ಹಿಡಿದು ನಿಂತಿತ್ತು. ಯಾರೋ ಮಂತ್ರಿ ಬರುತ್ತಿರಬೇಕು ಅಂದುಕೊಂಡೆ. ಬಂದದ್ದು ಬೆನ್ನಿಗೆ ಚೀಲ ಹಾಕಿಕೊಂಡ ಒಬ್ಬ ಹುಡುಗಿ. ಅವಳ ಅಜ್ಜಿ ಬಾವುಟ ಬೀಸುತ್ತಲೇ ಅಳುತ್ತಿದ್ದರು.

ಕೆಂಪು ಬಟ್ಟೆ, ಮೇಲೆ ಬಿಳಿ ಶಿಲುಬೆ. ಹೆಸರು ಡ್ಯಾನೆಬ್ರೋ. ಡೇನ್ ಜನರ ಬಟ್ಟೆ ಅಂತ ಅದರ ಅರ್ಥ ಹೇಳುತ್ತಾರೆ. 1219ರ ಜೂನ್ 15ರಂದು ಎಸ್ಟೋನಿಯಾದಲ್ಲಿ ಯುದ್ಧ ನಡೆಯುವಾಗ ಆಕಾಶದಿಂದ ಬಿತ್ತು ಎಂಬ ಕಥೆ ಇದೆ. ನಿನ್ನೆ ಅದೇ ದಿನ, ಊರೆಲ್ಲ ಬಾವುಟ. ಕತ್ತಲಾಗುವ ಮುಂಚೆ ಇಳಿಸುವುದು ಇಲ್ಲಿಯ ಪದ್ಧತಿ. ಜೂನ್ ತಿಂಗಳಲ್ಲಿ ಇಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತು ದಾಟಿದ ಮೇಲೆ. ನಮ್ಮ ಕಟ್ಟಡದ ಕೆಲಸದವರು ಅಷ್ಟು ಹೊತ್ತಿಗೆ ಮತ್ತೆ ಬಂದು, ನೆಲಕ್ಕೆ ತಾಗದ ಹಾಗೆ ತೋಳಿನ ಮೇಲೆ ಎಳೆದುಕೊಂಡು ಮಡಿಸಿದರು. ಹಳೆಯದಾದರೆ ಕಸಕ್ಕೆ ಹಾಕದೆ ಸುಡುತ್ತಾರೆ, ನಮ್ಮ ಹಾಗೇ.

ಹುಟ್ಟುಹಬ್ಬಕ್ಕೆ ಪುಟ್ಟಿಯ ಶಿಶುವಿಹಾರದ ಟೀಚರ್, "ನಿಮ್ಮ ದೇಶದ ಬಾವುಟವನ್ನೂ ಪಕ್ಕದಲ್ಲಿ ಇಡೋಣವಾ?" ಅಂತ ಕೇಳಿದರು. ನನಗೆ ಎಷ್ಟು ಖುಷಿಯಾಯಿತು ಅಂದರೆ! ಹಿಂದಿನ ದಿನವೇ ಪ್ರಿಂಟ್ ತೆಗೆದು ತೋರಿಸಿದರು. ನಿನ್ನ ಮಗಳಾಗಿ ಚಕ್ರ ಎಣಿಸದೆ ಬಿಡುತ್ತೇನಾ? ಗೆರೆ ಬರೀ 16 ಇದ್ದವು. ಪಾಪ, ಅವರಿಗೇನು ಗೊತ್ತು. ರಾತ್ರಿ ಸ್ಕೇಲು, ಕೋನಮಾಪಕ, ನೀಲಿ ಪೆನ್ನು ಹಿಡಿದು ಕೂತೆ. 15 ಡಿಗ್ರಿಗೆ ಒಂದರಂತೆ 24 ಗೆರೆ ಎಳೆದೆ. ಪುಟ್ಟಿ ಪಕ್ಕದಲ್ಲೇ ಕೂತು ನೋಡಿದಳು. ಕಾಗದದ ಹಿಂದೆಯೂ ಚಕ್ರ ಬರೆಯಬೇಕಾಯಿತು. ಎರಡೂ ಒಂದರ ಮೇಲೊಂದು ಕೂರಬೇಕಲ್ಲ, ದೀಪಕ್ಕೆ ಹಿಡಿದು ಹಿಡಿದು ಸರಿಮಾಡಿದೆ. ಆಗ ನೀನು ತುಂಬಾ ನೆನಪಾದೆ.

ಬೆಂಗೇರಿಯ ಖಾದಿ ಸಂಘದಿಂದ ನೀನು ಸಂಜೆ ಬರುವಾಗ ಸೀರೆಯ ಸೆರಗಿನಲ್ಲಿ ಕೇಸರಿ ದಾರದ ಎಳೆ ಅಂಟಿರುತ್ತಿತ್ತು. ತುಳಸಿಗೇರಿಯಲ್ಲಿ ನೇಯ್ದ ಬಟ್ಟೆ ಬರುವುದು, ಬಣ್ಣ ಹಾಕುವುದು, ಚಕ್ರ ಅಚ್ಚು ಹಾಕುವುದು, ಆಮೇಲೆ ನಿಮ್ಮ ಹೊಲಿಗೆ, ಕೊನೆಗೆ ಹಗ್ಗ ಮತ್ತು ಮರದ ಗೂಟ. ಎಲ್ಲ ಬಾಯಿಪಾಠ ಆಗಿತ್ತು ನನಗೆ. ಆರು ಇಂಚು ಉದ್ದ, ನಾಲ್ಕು ಇಂಚು ಅಗಲದ ಚಿಕ್ಕದರಿಂದ 21 ಅಡಿ ಉದ್ದ, 14 ಅಡಿ ಅಗಲದ ದೊಡ್ಡದರವರೆಗೆ ಒಂಬತ್ತು ಅಳತೆ. ದೇಶದ ಮೊಟ್ಟಮೊದಲ ಗುಣಮಟ್ಟದ ನಿಯಮ, ಐಎಸ್ 1, ಬರೆದದ್ದೇ ಬಾವುಟಕ್ಕೆ ಅಂತ ನೀನು ಹೇಳುವಾಗ ನಿನ್ನ ಮುಖ ಅರಳುತ್ತಿತ್ತು. ಒಂದು ಹೊಲಿಗೆ ಓರೆಯಾದರೆ ಅಷ್ಟೂ ಬಿಚ್ಚುತ್ತಿದ್ದೆ. "ಯಾರ ತಲೆಯ ಮೇಲೆ ಹಾರುತ್ತದೋ, ಓರೆ ಇರಬಾರದು" ಅನ್ನುತ್ತಿದ್ದೆ.

ಆದರೆ ನಮ್ಮ ಮನೆಯ ಮೇಲೆ ಒಂದು ದಿನವೂ ಹಾರಲಿಲ್ಲ. ಒಮ್ಮೆ ನಾನು ಕೇಳಿದ್ದೆ, ನೆನಪಿದೆಯಾ? "ನಮ್ಮಂಥವರ ಮನೆಗ್ಯಾಕೆ, ಅದು ದೊಡ್ಡವರ ಕಟ್ಟಡಕ್ಕೆ" ಅಂದೆ. ಆಗಲೇ ಕಾನೂನು ಬದಲಾಗಿತ್ತು ಅವ್ವ. 2002ರ ಜನವರಿ 26ರಿಂದ ಯಾರು ಬೇಕಾದರೂ ಮರ್ಯಾದೆಯಿಂದ ವರ್ಷವಿಡೀ ಹಾರಿಸಬಹುದಿತ್ತು. 2004ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದು ಜನರ ಹಕ್ಕು ಅಂದಿತು. ಇಲ್ಲಿಯೂ ಒಂದು ಕಾಲದಲ್ಲಿ ಹೀಗೇ ಇತ್ತಂತೆ. 1834ರಲ್ಲಿ ರಾಜ ಜನಸಾಮಾನ್ಯರು ಹಾರಿಸಬಾರದು ಅಂದಿದ್ದ, 1854ರಲ್ಲಿ ಬಿಟ್ಟುಕೊಟ್ಟರು. ಈಗ ನೋಡು, ಕೇಕಿನ ಮೇಲಿದೆ. ಬಾವುಟ ಜನರದ್ದಾಗಲು ಕಾನೂನು ಬದಲಾದರೆ ಸಾಲದು, ನಮ್ಮ ಮನಸ್ಸಿನ ಅಂಜಿಕೆಯೂ ಹೋಗಬೇಕು.

ಈ ಮಾತು ನನಗೆ ಗಟ್ಟಿಯಾಗಿ ತಾಗಿದ್ದು ಮಾರ್ಚ್‌ನಲ್ಲಿ. ಮೇಲಿನ ಮನೆಯ ಅಜ್ಜ ತೀರಿಕೊಂಡರು. ಜೀವಮಾನವೆಲ್ಲ ಬಸ್ ಓಡಿಸಿದವರು. ಅವರನ್ನು ಮಣ್ಣು ಮಾಡುವ ದಿನ ನಮ್ಮ ಅಂಗಳದ ಬಾವುಟ ಅರ್ಧಕ್ಕೆ ನಿಂತಿತ್ತು. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಮಧ್ಯಾಹ್ನ ಎಲ್ಲ ಮುಗಿದ ಮೇಲೆ ಕೆಲಸದವರು ಬಂದು ಟೊಪ್ಪಿ ತೆಗೆದರು, ಹಗ್ಗ ಎಳೆದು ಬಾವುಟವನ್ನು ಮೇಲಿನ ತುದಿಯವರೆಗೆ ಏರಿಸಿದರು. ಇಲ್ಲಿಯ ಪದ್ಧತಿ ಅದು. ಒಬ್ಬ ಬಸ್ ಡ್ರೈವರಿಗೆ, ಅವ್ವ! ನಾನು ಒಲೆ ಆರಿಸಿ ಸುಮ್ನೆ ನಿಂತುಬಿಟ್ಟೆ.

ಇಲ್ಲಿಯೂ ಎಲ್ಲವೂ ನನಗೆ ಹಿಡಿಸಿದೆ ಅಂತಲ್ಲ. ಈ ವರ್ಷದ ಜನವರಿಯಿಂದ ಕಂಬದ ಮೇಲೆ ಬೇರೆ ದೇಶದ ಬಾವುಟ ಏರಿಸುವಂತಿಲ್ಲ, ನೆರೆಯ ಕೆಲವು ದೇಶಗಳದ್ದು ಬಿಟ್ಟು. ಆಗಸ್ಟ್ 15ಕ್ಕೆ ಅಂಗಳದ ಕಂಬದಲ್ಲಿ ನಮ್ಮದನ್ನೊಮ್ಮೆ ಹಾರಿಸುವ ಆಸೆಯಿತ್ತು, ಬೇಸರವಾಯಿತು. ಕೈಯಲ್ಲಿ ಹಿಡಿಯಬಹುದು, ಮೇಜಿನ ಮೇಲೆ ಇಡಬಹುದು. ಅಷ್ಟಾದರೂ ಇದೆ.

ನಮ್ಮಲ್ಲಿ 2021ರ ಕೊನೆಯಲ್ಲಿ ಪಾಲಿಯೆಸ್ಟರ್ ಬಾವುಟಕ್ಕೂ ಒಪ್ಪಿಗೆ ಕೊಟ್ಟಾಗ ನೀನು ಫೋನಿನಲ್ಲಿ ಬಹಳ ಹೊತ್ತು ಮಾತೇ ಆಡಲಿಲ್ಲ. ಕಡಿಮೆ ದುಡ್ಡಿಗೆ ಎಲ್ಲರ ಕೈಗೂ ಸಿಗಲಿ ಅನ್ನುವುದು ನನಗೆ ಸರಿ ಅನ್ನಿಸುತ್ತದೆ. ಆದರೆ ಹಬ್ಬದ ಮಾರನೇ ದಿನ ಗಟಾರದಲ್ಲಿ ಬಿದ್ದಿರುತ್ತವಲ್ಲ, ಆಗ ನಿನ್ನ ಕೈ ನೆನಪಾಗುತ್ತದೆ. ನೂತ ಕೈ, ನೇಯ್ದ ಕೈ ಗೊತ್ತಿದ್ದವರು ಹಾಗೆ ಬಿಸಾಡುವುದಿಲ್ಲ.

ಈಗ ಕೇಳು, ಎರಡು ಕೆಲಸ ಇವೆ. ಬೆಂಗೇರಿಗೆ ಹೋಗಿ ಎರಡು ಬಾವುಟ ತಗೋ, ದುಡ್ಡು ಕಳಿಸಿದ್ದೇನೆ. ಮೂರು ಅಡಿ ಉದ್ದದ್ದು ನಮ್ಮ ಮನೆಗೆ. ಆಗಸ್ಟ್ 15ರ ಬೆಳಿಗ್ಗೆ ಮಾಳಿಗೆಯ ಮೇಲೆ ನೀನೇ ಏರಿಸಬೇಕು. ಅಪ್ಪ ಕಂಬ ಹಿಡಿಯಲಿ, ಹಗ್ಗ ನೀನು ಎಳೆ. ಓಣಿಯ ಹಿರಿಯರನ್ನು ಕರೆಯುತ್ತೇನೆ ಅಂತ ಹಿಂದೆ ಸರಿಯಬೇಡ. ಮೂವತ್ತು ಹೆಂಗಸರ ಸಾಲಿನಲ್ಲಿ ಕೂತು ಅದನ್ನು ಹೊಲಿದವಳು ನೀನು.

ಚಿಕ್ಕದು, ಆರು ಇಂಚಿನದು, ಪುಟ್ಟಿಯ ಮೇಜಿಗೆ. ಜುಲೈನಲ್ಲಿ ಇವರ ಗೆಳೆಯರು ಧಾರವಾಡದಿಂದ ಹೊರಡುತ್ತಾರೆ, ಅವರ ಕೈಯಲ್ಲಿ ಕಳಿಸು. ಚಕ್ರದ ಗೆರೆ ತಾನೇ ಎಣಿಸುತ್ತೇನೆ ಅನ್ನುತ್ತಿದ್ದಾಳೆ. ಕನ್ನಡದಲ್ಲಿ ಇಪ್ಪತ್ತರವರೆಗೆ ಬರುತ್ತದೆ. ಉಳಿದ ನಾಲ್ಕನ್ನು ಕಲಿಸುತ್ತಿದ್ದೇನೆ.

ನಿನ್ನ ಮಗಳು