ಮಗಳ ನಿದ್ದೆಗಾಗಿ ದುಡಿದವರಿಗೆ

ಆಟಿಸಂ ಇರುವ ನಮ್ಮ ಮಗಳು ಈಗ ರಾತ್ರಿ ಒಂಬತ್ತೂವರೆಗೆ ಮಲಗಿದರೆ ಬೆಳಗಿನವರೆಗೆ ಏಳುವುದಿಲ್ಲ. ಇದಕ್ಕಾಗಿ ದುಡಿದವರನ್ನು ಎಲ್ಲರೆದುರು ನೆನೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಹಟ, ಕಿರುಚಾಟದ ಬಗ್ಗೆ ಹೇಳಿಕೊಳ್ಳಲು ಹೋಗಿದ್ದ ನಮ್ಮನ್ನು ಮಕ್ಕಳ ವೈದ್ಯರು ಮೊದಲು ಕೇಳಿದ್ದು ಅವಳ ರಾತ್ರಿಗಳ ಬಗ್ಗೆ. ಆಟಿಸಂ ಇರುವ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ನಿದ್ದೆಯ ತೊಂದರೆ ಇರುತ್ತದೆ, ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇರುವವರಲ್ಲೂ ಇದು ಸಾಮಾನ್ಯ, ನೀವು ಬೆಳೆಸಿದ ರೀತಿಯ ದೋಷವಲ್ಲ ಎಂದರು. ಆ ಮಾತಿಗೆ ನಾನು ಸದಾ ಋಣಿ. ಗೊರಕೆ ಇದೆಯೇ, ಮಲಬದ್ಧತೆ ಇದೆಯೇ, ಮಲಗಿದಾಗ ಕಾಲು ಒದರುತ್ತಾಳೆಯೇ ಎಂದು ಒಂದೊಂದಾಗಿ ವಿಚಾರಿಸಿದರು. ದೇಹದಲ್ಲಿ ಸಂಗ್ರಹವಿರುವ ಕಬ್ಬಿಣವನ್ನು ತಿಳಿಸುವ ಫೆರಿಟಿನ್ ರಕ್ತಪರೀಕ್ಷೆಯಲ್ಲಿ ಕಬ್ಬಿಣಾಂಶದ ಕೊರತೆ ಕಂಡಿತು. ಕಾಲುಗಳ ಚಡಪಡಿಕೆಗೆ ಅದೂ ಕಾರಣವಾಗಬಹುದಂತೆ. ಮಾತು ಬಾರದ ಮಗು ತನ್ನ ಕಾಲಿನ ಸಂಕಟವನ್ನು ಯಾರಿಗೆ ಹೇಳೀತು?

ಥೆರಪಿಸ್ಟ್ ಅವರ ತಾಳ್ಮೆಗೆ ಎಷ್ಟು ವಂದಿಸಿದರೂ ಸಾಲದು. ಅವಳು ಪದೇಪದೇ ಕುತ್ತಿಗೆ ಕೆರೆದುಕೊಳ್ಳುವುದನ್ನು ಗಮನಿಸಿ, ರಾತ್ರಿಯ ಉಡುಪಿನ ಲೇಬಲ್ ಕತ್ತರಿಸಲು ಹೇಳಿದವರು ಅವರು. ಹಲ್ಲುಜ್ಜುವುದು, ಬಟ್ಟೆ ಬದಲಿಸುವುದು, ಪುಸ್ತಕ, ದೀಪ ಆರಿಸುವುದು ಎಂದು ಚಿತ್ರದ ಕಾರ್ಡುಗಳನ್ನು ತಾವೇ ಮಾಡಿಕೊಟ್ಟರು. ಕೊನೆಯ ಕಾರ್ಡನ್ನು ಮಗಳು ಈಗ ತಾನೇ ಡಬ್ಬಿಗೆ ಹಾಕಿ ಸ್ವಿಚ್ ಒತ್ತುತ್ತಾಳೆ. ನಿದ್ದೆ ಹತ್ತುತ್ತಿದ್ದುದೇ ಹನ್ನೊಂದೂವರೆಗೆ. ಹಾಗಾದರೆ ಮೊದಲು ಆ ಹೊತ್ತಿಗೇ ಮಲಗಿಸಿ, ಹಾಸಿಗೆಯಲ್ಲಿ ಹೊರಳಾಡಿಸುವುದು ಬೇಡ ಎಂದರು. ಬೇಗ ನಿದ್ದೆ ಹೋಗತೊಡಗಿದ ಮೇಲೆ ಮಲಗಿಸುವ ಹೊತ್ತನ್ನು ಹದಿನೈದು ಹದಿನೈದು ನಿಮಿಷ ಬೇಗ ಮಾಡುತ್ತಾ ಬಂದೆವು. ಬೆಳಿಗ್ಗೆ ಎಬ್ಬಿಸುವ ಸಮಯವನ್ನು ಮಾತ್ರ ರಜೆಯಲ್ಲೂ ಬದಲಿಸಲಿಲ್ಲ. ಇಷ್ಟೆಲ್ಲ ಆದ ಮೇಲೆಯೇ ವೈದ್ಯರು ನಿದ್ದೆಯ ಹೊತ್ತನ್ನು ದೇಹಕ್ಕೆ ತಿಳಿಸುವ ಹಾರ್ಮೋನ್ ಆದ ಮೆಲಟೋನಿನ್ ಅನ್ನು ಸಣ್ಣ ಪ್ರಮಾಣದಲ್ಲಿ ಬರೆದುಕೊಟ್ಟದ್ದು. ಈ ಕ್ರಮವೇ ಸರಿಯಾದದ್ದೆಂದು ನಾನು ದೃಢವಾಗಿ ನಂಬಿದ್ದೇನೆ.

ನಸುಕಿನಲ್ಲಿ ಎದ್ದು ಬಂದು ಮಗುವನ್ನು ತಮ್ಮ ಮಗ್ಗುಲಿಗೆ ಎಳೆದುಕೊಂಡು ನಮ್ಮಿಬ್ಬರಿಗೂ ಕಣ್ಣು ಮುಚ್ಚಲು ಬಿಟ್ಟ ಅತ್ತೆಯವರಿಗೆ ನಮಸ್ಕಾರಗಳು. ಪರೀಕ್ಷೆಯ ಹಿಂದಿನ ರಾತ್ರಿಯೂ ತಂಗಿಯ ಅಳುವಿಗೆ ಎಚ್ಚರಗೊಂಡು ಒಮ್ಮೆಯೂ ಗೊಣಗದ ದೊಡ್ಡ ಮಗನಿಗೆ ಅಪ್ಪುಗೆ.

ಅವಳು ತರಗತಿಯಲ್ಲಿ ತೂಕಡಿಸಿದಳೇ ಎಂದು ದಿನವೂ ಡೈರಿಯಲ್ಲಿ ಬರೆಯುವ ಶಿಕ್ಷಕಿಯವರಿಗೂ ಧನ್ಯವಾದಗಳು. ಮೇಡಂ, ದಯವಿಟ್ಟು ಅದನ್ನು ನಿಲ್ಲಿಸಬೇಡಿ. ವೈದ್ಯರು ಪ್ರತಿ ಭೇಟಿಯಲ್ಲೂ ಔಷಧದ ಬಗ್ಗೆ ಯೋಚಿಸುವ ಮುನ್ನ ನಿಮ್ಮ ಆ ಸಾಲುಗಳನ್ನು ಓದುತ್ತಾರೆ.